ಹಾಲು ಉಕ್ಕಿದ ದಿಕ್ಕು

ಜಯಮಾಲಾಗೆ ಆ ತಿಂಗಳು ಕೂತರೆ ನೆಮ್ಮದಿಯಿಲ್ಲ, ನಿಂತರೆ ನೆಮ್ಮದಿಯಿಲ್ಲ. ರಾಮಮೂರ್ತಿ ನಗರದ ಬಾಡಿಗೆ ಮನೆಯ ಮಾಲೀಕರು ಕಟ್ಟಡ ಕೆಡವುತ್ತೇವೆ, ಬೇಗ ಖಾಲಿ ಮಾಡಿ ಎಂದುಬಿಟ್ಟಿದ್ದರು. ಯಾದಗಿರಿಯಿಂದ ಬಂದ ಮೇಲೆ ಇದು ಎಷ್ಟನೆಯ ಮನೆಯೋ, ಅವಳೇ ಮರೆತಿದ್ದಳು. ಗೋಡೆಗೆ ಮೊಳೆ ಹೊಡೀಬೇಡಿ, ನೆಂಟರು ಬಂದರೆ ಹೇಳಿ, ನೀರು ಜಾಸ್ತಿ ಬಳಸಬೇಡಿ. ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು.

ಅಷ್ಟರಲ್ಲಿ ಕೆಂಪರಾಜ್ ಎಂಬ ಬ್ರೋಕರ್ ಕೆ.ಆರ್. ಪುರದ ಆಚೆ ಒಂದು ಮನೆ ತೋರಿಸಿದ. ಹೊಸ ಬಣ್ಣ, ಹೊಸ ಗೇಟು, ಮುಂದೆ ತುಳಸಿಕಟ್ಟೆ ಬೇರೆ. ಬೆಲೆಯೂ ಸುತ್ತಮುತ್ತಲಿನ ಮನೆಗಳಿಗಿಂತ ಕಡಿಮೆ. ಯಾಕಪ್ಪಾ ಇಷ್ಟು ಅಗ್ಗ ಎಂದು ಕೇಳಬೇಕಿತ್ತು ತಾನೇ? ಕೇಳಲಿಲ್ಲ. ಕೇಳಿದರೆ ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ದಿಗಿಲು. ಟ್ಯಾಕ್ಸಿ ಓಡಿಸುವ ಗಂಡ ಭಗವಂತರಾಯ ಊರಲ್ಲಿ ತನ್ನ ಪಾಲಿಗೆ ಬಂದ ಹೊಲವನ್ನು ಇದಕ್ಕೆಂದೇ ಮಾರಿದ್ದ. ಈ ಮನೆ ಕೈಕೊಟ್ಟರೆ ವಾಪಸು ಹೋಗಲು ಊರಿನಲ್ಲೂ ಅವರಿಗೆ ನೆಲವಿರಲಿಲ್ಲ.

ಜಯಮಾಲಾ ಒಂದೇ ಒಂದು ಶರತ್ತು ಹಾಕಿದ್ದಳು. ಮುಂಗಡ ಕೊಡುವ ಮೊದಲು ಅಲ್ಲಿ ಹಾಲು ಉಕ್ಕಿಸಿ ನೋಡಬೇಕು. ಜನ ಗೃಹಪ್ರವೇಶದ ದಿನ ಮಾಡುವುದನ್ನು ಇವಳು ಮೊದಲೇ ಮಾಡಲು ಹೊರಟಳು. ಕೆಂಪರಾಜ್ ಹಲ್ಲುಬಿಟ್ಟು, "ಧಾರಾಳವಾಗಿ ಉಕ್ಸಿ ಮೇಡಂ" ಎಂದ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಹೊರಟರು. ಅವರ ವಠಾರದಲ್ಲೇ ಬಾಡಿಗೆಗಿದ್ದ ಶಂಶುನ್ನೀಸಾ ಸಣ್ಣ ಗ್ಯಾಸ್ ಸ್ಟೌವ್ ಹಿಡಿದುಕೊಂಡು ಜೊತೆಗೆ ಬಂದಳು. ಹಾಲ್‌ನ ನಡುವೆ ಸ್ಟೌವ್ ಇಟ್ಟರು. ಹಾಲು ಏರಿತು, ಉಕ್ಕಿತು, ನೇರ ಈಶಾನ್ಯಕ್ಕೆ ಹರಿಯಿತು. ಜಯಮಾಲಾ ಕೈಮುಗಿದಳು. ಅವಳ ಕಣ್ಣು ತುಂಬಿ ಬಂತು.

"ನಾನ್ ಹೇಳ್ಲಿಲ್ವಾ?" ಎಂದ ಕೆಂಪರಾಜ್. "ವಾಸ್ತು ಅಂದ್ರೆ ಇದು. ಈ ಮನೇಲಿ ಯಾರು ಉಕ್ಸಿದ್ರೂ ಈಶಾನ್ಯಕ್ಕೇ."

ಶಂಶುನ್ನೀಸಾ ತಲೆ ಎತ್ತಿದಳು. "ಯಾರು ಉಕ್ಸಿದ್ರೂ ಅಂದ್ರೆ? ಇಲ್ಲಿ ಯಾರ್ಯಾರು ಉಕ್ಸಿದಾರೆ ಅಣ್ಣಾ? ಅವ್ರೆಲ್ಲ ಈಗ ಎಲ್ಲಿದಾರೆ?"

ಕೆಂಪರಾಜ್‌ಗೆ ಅದೇ ಹೊತ್ತಿಗೆ ಫೋನ್ ಬಂತು. ಅದು ರಿಂಗಾದದ್ದು ಯಾರಿಗೂ ಕೇಳಿಸಲಿಲ್ಲ. ಆದರೂ ಅವನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಶಂಶುನ್ನೀಸಾ ಪಾತ್ರೆ ತೊಳೆದು ಅಂಚಿನವರೆಗೂ ನೀರು ತುಂಬಿಸಿದಳು. ಸ್ಟೌವ್ ತಿರುಗಿಸಿಟ್ಟಳು, ನೀರು ಅದೇ ಕಡೆಗೆ ಚೆಲ್ಲಿತು. ಒಳಗಿನ ಕೋಣೆಯಲ್ಲಿಟ್ಟಳು, ಅಲ್ಲೂ ಅದೇ ಕಡೆಗೆ. "ಬಚ್ಚಲಲ್ಲಿ ಇಳಿಜಾರು ಬೇಕು ಜಯಾ. ಮಲಗೋ ಕೋಣೇಲಿ ಯಾಕೆ? ಬಾಗ್ಲು ನೋಡು, ಪೂರ್ತಿ ಹಾಕೋಕೇ ಆಗ್ತಿಲ್ಲ. ಈ ಮನೆ ಆ ಮೂಲೆಗೆ ಕುಸೀತಾ ಇದೆ."

ಜಯಮಾಲಾಗೆ ಮೈಯೆಲ್ಲ ಉರಿಯಿತು. "ನಿಮಗೇನಕ್ಕಾ, ಮರ್ಫಿ ಟೌನಿನ್ಯಾಗ ತವರುಮನಿ ಅದ. ನಮಗ ಒಂದು ಮನಿ ಆಗ್ತದಂದ್ರ ಅದಕ್ಕೂ ಕಲ್ಲು ಹಾಕ್ತೀರಿ."

ಶಂಶುನ್ನೀಸಾಗೆ ನೋವಾಯಿತು. ಆದರೂ ಸಿಟ್ಟು ಮಾಡಿಕೊಳ್ಳಲಿಲ್ಲ. "ನಮ್ಮ ಅಕ್ಕ ಮಜೀದಾ ಹಿಂಗೇ ಒಂದು ಗುಂಡಿ ಮುಚ್ಚಿದ ಜಾಗದಲ್ಲಿ ಮನೆ ತಗೊಂಡ್ಳು. ಗೋಡೆ ಸೀಳಿಬಿಡ್ತು. ಈಗ ಸ್ವಂತ ಮನೆಗೆ ಬೀಗ ಹಾಕಿ ಬಾಡಿಗೆ ಮನೇಲಿ ಇದಾಳೆ. ಸಾಲದ ಕಂತು ಇನ್ನೂ ಕಟ್ತಾನೇ ಇದಾಳೆ."

"ಪೇಪರ್ ಎಲ್ಲಾ ಸರಿ ಅದಾವಂತಲ್ರೀ?" ಎಂದ ಭಗವಂತರಾಯ.

"ಸರಿ ಇರಬಹುದು ಅಣ್ಣಾ. ಆದ್ರೆ ನೀವು ಪೇಪರ್ ಮೇಲೆ ಮಲಗ್ತೀರಾ, ನೆಲದ ಮೇಲೆ ಮಲಗ್ತೀರಾ?"

ಇಲ್ಲಿನ ಹಳಬರನ್ನು ಕೇಳೋಣವೆಂದು ಅವನೇ ಮುಂದಾದ. ಮೂವರೂ ಬೀದಿಯ ಕೊನೆಯ ಅಂಗಡಿಗೆ ನಡೆದರು. ಅಂಗಡಿಯ ಮುನಿಶಾಮಿ ಅಲ್ಲೇ ಹುಟ್ಟಿ ಬೆಳೆದ ಮುದುಕ. ಆ ಮನೆಯಿದ್ದ ಜಾಗ ಮೊದಲು ಏನಾಗಿತ್ತು ಎಂದು ಜಯಮಾಲಾ ಕೇಳಿದಳು.

"ಕಲ್ಲು ಕ್ವಾರಿ ಇತ್ತಮ್ಮ. ತೆಂಗಿನ ಮರ ನಿಲ್ಸಿದ್ರೂ ಮುಳುಗೋಷ್ಟು ಆಳ. ಮಳೆನೀರು ನಿಂತಾಗ ನಾನು ಈಜು ಕಲ್ತಿದ್ದೇ ಅಲ್ಲಿ. ಕಲ್ಲು ತೆಗೆಯೋದು ನಿಂತ ಮೇಲೆ ಲಾರಿಲಾರಿ ಕಸ, ಒಡೆದ ಕಟ್ಟಡದ ಮಣ್ಣು ತಂದು ಸುರಿದ್ರು. ಮೇಲೆ ಒಂದು ಪದರ ಕೆಂಪು ಮಣ್ಣು ಹಾಕಿದ್ರು, ಸೈಟ್ ಆಯ್ತು."

"ಮತ್ತ ನೀವು ಯಾರಿಗೂ ಹೇಳ್ಲಿಲ್ಲೇನ್ರೀ?"

"ಯಾರೂ ಕೇಳ್ಲಿಲ್ಲಮ್ಮ. ಕಾರಲ್ಲಿ ಬರ್ತಾರೆ, ಮನೆ ನೋಡ್ತಾರೆ, ಹೋಗ್ತಾರೆ."

ಜಯಮಾಲಾ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಮನೆ ಹೋಯಿತೆಂದು ಅತ್ತಳು, ಹೊಲ ಮಾರಿದ ದುಡ್ಡು ಉಳಿಯಿತೆಂದೂ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ತಪ್ಪಾತಕ್ಕಾ" ಎಂದು ಶಂಶುನ್ನೀಸಾಳ ಕೈ ಹಿಡಿದಳು. ಕೆಂಪರಾಜ್‌ಗೆ ಭಗವಂತರಾಯನೇ ಹೇಳಿದ: "ನಮಗ ಬ್ಯಾಡ್ರೀ."

ಅವರು ಈಗಲೂ ಇನ್ನೊಂದು ಬಾಡಿಗೆ ಮನೆಯಲ್ಲೇ ಇದ್ದಾರೆ. ಜಯಮಾಲಾಳ ಚಡಪಡಿಕೆ ಪೂರ್ತಿ ಹೋಗಿಲ್ಲ, ಮನೆ ಹುಡುಕುವುದನ್ನೂ ಅವಳು ಬಿಟ್ಟಿಲ್ಲ. ಆದರೆ ಈಗ ಮೊದಲು ಬೀದಿ ಸುತ್ತುತ್ತಾಳೆ, ಆಮೇಲೆ ಮನೆಯೊಳಗೆ ಕಾಲಿಡುತ್ತಾಳೆ. ಕಳೆದ ಮಳೆಗಾಲದಲ್ಲಿ ಆ ಮನೆಯ ಹಿಂದಿನ ಗೋಡೆ ಬಾಯಿಬಿಟ್ಟಿತೆಂದು ಮುನಿಶಾಮಿ ಹೇಳಿದ. ಮತ್ತೆ ಬಣ್ಣ ಬಳಿದಿದ್ದಾರಂತೆ. ಮಾರಾಟಕ್ಕೂ ಇದೆಯಂತೆ.

ನಾಳೆ ಅದನ್ನು ನೋಡಲು ನೀವೇ ಹೋಗಬಹುದು. ಅದಕ್ಕೇ ಹೇಳುವುದು, ಮೊದಲ ಸಲ ಮನೆ ಕೊಳ್ಳುವವರೇ, ಆತುರಕ್ಕೆ ಬೀಳಬೇಡಿ. ಆ ಜಾಗದಲ್ಲಿ ಮೊದಲು ಕ್ವಾರಿ ಇತ್ತೇ, ಕೆರೆ ಇತ್ತೇ, ಗುಂಡಿ ಇತ್ತೇ ಎಂದು ಅಲ್ಲಿನ ಹಳಬರನ್ನು ಕೇಳಿ, ಒಬ್ಬರನ್ನಲ್ಲ, ನಾಲ್ಕಾರು ಜನರನ್ನು. ಹಳೆಯ ಗ್ರಾಮ ನಕ್ಷೆಗಾಗಿ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲೂ ಕೇಳಬಹುದು. ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ ಗೋಡೆಯ ಬಿರುಕು, ಸಿಕ್ಕಿಕೊಳ್ಳುವ ಬಾಗಿಲು, ವಾಲಿದ ನೆಲ ನೋಡಿ. ಮುಂಗಡ ಕೊಡುವ ಮೊದಲು ನೀವೇ ಗೊತ್ತುಮಾಡಿದ ಎಂಜಿನಿಯರ್ ಒಬ್ಬರಿಂದ ಮನೆ, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ. ಹಾಲನ್ನು ಆಮೇಲೆ ಧಾರಾಳವಾಗಿ ಉಕ್ಕಿಸಿ.

ಮುಖ್ಯವಾಗಿ, ಬಾಯಿಬಿಟ್ಟು ಕೇಳಿ. ಮುನಿಶಾಮಿಯಂಥವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ನೀವು ಕೇಳದಿದ್ದರೆ ಅವರು ಹೇಳುವುದಿಲ್ಲ.