ಕಡಲಕೋಣೆಯ ಬೇಸಿಗೆ

ನಮ್ಮ ಕಡಲತಡಿಯ ಹಳ್ಳಿ ಕಾಡಿರಾನ್ನದ ಬಸ್ ನಿಲ್ದಾಣದಲ್ಲಿ ಒಂದು ಹಲಗೆ ನಿಲ್ಲಿಸಿದ್ದಾರೆ. ಊರಿನ ಚರಿತ್ರೆಯಂತೆ. ಪೀಟರ್ಸ್‌ಬರ್ಗಿನ ವೈದ್ಯನೊಬ್ಬ ಇಲ್ಲಿಯ ಗಾಳಿ ಎದೆಗೆ ಒಳ್ಳೆಯದೆಂದು ಹೇಳಿದ್ದು, ಉಗಿಹಡಗು ಬರತೊಡಗಿದ್ದು, ದಡದಲ್ಲಿ ಬಿಸಿನೀರಿನ ಸ್ನಾನಗೃಹ ಕಟ್ಟಿದ್ದು, ಯಾವ ಮನೆಯಲ್ಲಿ ಯಾವ ಗಾಯಕಿ, ಯಾವ ಮಂತ್ರಿ ಬೇಸಿಗೆ ಕಳೆದರು ಎಂಬುದೆಲ್ಲ ಅದರಲ್ಲಿದೆ. ನನ್ನ ಪಕ್ಕದ ಮಾಯ್ಮಕ್ಕನ ಮನೆಯೂ ಇದೆ: 'ಟಾಲಿನ್ನಿನ ಬ್ಯಾಂಕ್ ಮಾಲೀಕರೊಬ್ಬರು ಕುಟುಂಬ ಸಮೇತ ತಂಗಿದ್ದ ಮನೆ.' ಆಗ ಆ ಮನೆಯವರು ಎಲ್ಲಿ ತಂಗಿದ್ದರು ಅಂತ ಮಾತ್ರ ಬರೆದಿಲ್ಲ. ಊರ ಸಂಘದವರನ್ನು ಕೇಳಿದೆ. "ಹಲಗೇಲಿ ಜಾಗ ಸಾಲಲಿಲ್ಲ ಆಸ್ಟಮ್ಮ" ಎಂದರು.

ಕೊಟ್ಟಿಗೆಯಲ್ಲಿ ತಂಗಿದ್ದರು, ಇನ್ನೆಲ್ಲಿ. ಜೂನ್ ಒಂದನೇ ತಾರೀಖು ಬಂತೆಂದರೆ ನಮ್ಮೂರಲ್ಲಿ ಮನೆ ಬೇಸಿಗೆಯ ಅತಿಥಿಗಳಿಗೆ, ಹಿತ್ತಲಿನ ಬಲೆ ಇಡುವ ಕೊಟ್ಟಿಗೆ ಮನೆಯವರಿಗೆ. ಸೆಪ್ಟೆಂಬರಿನಲ್ಲಿ ಅವರು ಹೋದ ಮೇಲೆ ನಾವು ಒಳಗೆ. ರಷ್ಯಾದ ತ್ಸಾರ್ ದೊರೆಯ ಕಾಲದಲ್ಲೂ ಹೀಗೇ, ನಮ್ಮದೇ ಸರ್ಕಾರ ಬಂದಾಗಲೂ ಹೀಗೇ. ಸೋವಿಯತ್ ಸೈನಿಕರು ದಡಕ್ಕೆ ಮುಳ್ಳುತಂತಿ ಎಳೆದು ಕಾವಲು ಕೂತಾಗಲೂ ಪರವಾನಗಿ ಚೀಟಿ ಹಿಡಿದು ಅತಿಥಿಗಳು ಬರುತ್ತಲೇ ಇದ್ದರು. ಆಳುವವರು ಬದಲಾದರು, ನಾವು ಹಾಸಿಗೆ ಹೊತ್ತುಕೊಂಡು ಕೊಟ್ಟಿಗೆಗೆ ಹೋಗುವುದು ಬದಲಾಗಲಿಲ್ಲ.

ಮಾಯ್ಮಕ್ಕ ಹುಟ್ಟಿದ್ದೇ ಕೊಟ್ಟಿಗೆಯಲ್ಲಿ, ಜುಲೈ ತಿಂಗಳಲ್ಲಿ. ಕೂಸು ಅಳುವ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಬ್ಯಾಂಕ್ ಮಾಲೀಕರ ಹೆಂಡತಿ ಹೇಳಿಕಳಿಸಿದಳಂತೆ. ಹಸಿ ಬಾಣಂತಿ ಮಗುವನ್ನು ಎತ್ತಿಕೊಂಡು ಹೋಗಿ ಪೈನ್ ಮರಗಳ ನಡುವೆ ಕೂತಿರುತ್ತಿದ್ದಳಂತೆ. ಮಾಯ್ಮಕ್ಕ ಇದನ್ನು ನಗುತ್ತಾ ಹೇಳುತ್ತಾಳೆ. ನನಗೆ ನಗು ಬರುವುದಿಲ್ಲ.

ನಾನು ಪಕ್ಕದ ಮನೆಯವಳು, ಆಸ್ಟಾ. ಚಪ್ಪಟೆ ಮೀನನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತೇನೆ. ನನ್ನ ನಾಲಿಗೆ ಉದ್ದ ಅಂತ ಊರೆಲ್ಲ ಹೇಳುತ್ತದೆ, ಹೇಳಿಕೊಳ್ಳಲಿ. ಮಾಯ್ಮಕ್ಕನದು ತದ್ವಿರುದ್ಧ. ಮದುವೆಯಾಗಲಿಲ್ಲ, ಯಾರಿಗೂ ಎದುರಾಡಿದವಳಲ್ಲ, ಎಪ್ಪತ್ತೆಂಟಾದರೂ 'ಆಗಲ್ಲ' ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ.

ಏಪ್ರಿಲಿನಲ್ಲಿ ಅವಳು ರಾಜಧಾನಿ ಟಾಲಿನ್ನಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಳು. ನೇರವಾಗಿ ನನ್ನ ಹೊಗೆಗೂಡಿಗೆ ಬಂದು ಸೌದೆಯ ಮೇಲೆ ಕೂತಳು.

"ನಟ್ಟನಡುವೆ ಒಂದು ಬೂದು ಮಚ್ಚೆ ಆಸ್ಟಾ. ದೊಡ್ಡದಾಗ್ತಾನೇ ಹೋಗುತ್ತಂತೆ. ಚಳಿಗಾಲಕ್ಕೆ ನಿನ್ನ ಮುಖ ಕೂಡ ಗುರುತು ಸಿಗಲ್ಲ ಅಂದ್ರು."

"ಒಳ್ಳೇದೇ ಆಯ್ತು ಬಿಡು, ಅಂಥಾ ಮುಖವೇನಲ್ಲ" ಎಂದೆ. ಬೇಡದಿದ್ದರೂ ಬೆಂಕಿಗೆ ಇನ್ನೊಂದು ಸೌದೆ ತುರುಕಿದೆ.

"ಒಂದೇ ಒಂದು ಆಸೆ ಇದೆ. ನೀನು ನಗಬಾರದು."

"ಹೇಳು."

"ನಮ್ಮ ಕಡಲಕೋಣೆ ಕಿಟಕೀಲಿ ಕೂತು ಜುಲೈ ತಿಂಗಳ ಕಡಲು ನೋಡ್ಬೇಕು. ಕಣ್ಣು ಇರೋವಾಗ್ಲೇ."

ದಡಕ್ಕೆ ಹೋದರೆ ಕಡಲು ಕಾಣುವುದಿಲ್ಲವೇ ಎಂದು ಕೇಳಬೇಡಿ. ತನ್ನ ಮನೆಯ ಕಡಲ ಕಡೆಯ ಕೋಣೆಯ ಕಿಟಕಿಯಿಂದ ಕಾಣುವುದು ಬೇರೆ. ಆ ಕಿಟಕಿಯಲ್ಲಿ ಅವಳು ನೋಡಿದ್ದೆಲ್ಲ ಸೆಪ್ಟೆಂಬರಿನ ಬಿರುಗಾಳಿ, ಜನವರಿಯ ಮಂಜುಗಡ್ಡೆ, ಮಾರ್ಚಿನ ಕಪ್ಪು ನೀರು. ಬೇಸಿಗೆಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಕೊಟ್ಟಿಗೆಯ ಗೇಣುದ್ದದ ಗಾಜಿನಿಂದ ಮನೆಯ ಹಿಂಗೋಡೆ, ಮತ್ತು ಆಲೂಗಡ್ಡೆ ಪಾತಿ.

"ನಿನ್ನ ಮನೆ, ನಿನ್ನ ಕಿಟಕಿ. ಕೂತ್ಕೋ. ಯಾರು ಬೇಡ ಅಂದ್ರು?"

"ಮೇಷ್ಟ್ರು ಬರ್ತಾರಲ್ಲ."

ಎಂಡೆಲ್ ಮೇಷ್ಟ್ರು ಟಾರ್ಟುವಿನವರು, ಭೂಗೋಳ ಹೇಳಿಕೊಡುತ್ತಿದ್ದು ನಿವೃತ್ತರಾದವರು. ಹೆಂಡತಿ ಹೆಲ್ವಿಯಮ್ಮನ ಜೊತೆ ಮೂವತ್ತೊಂದು ಬೇಸಿಗೆ ಆ ಕೋಣೆಗೆ ಬಂದಿದ್ದಾರೆ. ಒಳ್ಳೆಯ ಜನ, ಇಲ್ಲ ಎನ್ನಲಾರೆ.

"ಅವರು ನೀರಿಗಿಳಿಯೋಕೆ ಹೋದಾಗ ಒಳಗೆ ಹೋಗಿ ಕೂತ್ಕೋ."

"ಕದ್ದು ನೋಡೋಕೆ ನಾನೇನು ಕಳ್ಳೀನಾ?"

"ಹಾಗಾದ್ರೆ ಈ ವರ್ಷ ಬರಬೇಡಿ ಅಂತ ಒಂದು ಕಾಗದ ಹಾಕು."

"ಇಷ್ಟು ವರ್ಷ ಬಂದೋರಿಗೆ ಬೇಡ ಅನ್ನೋಕಾಗುತ್ತಾ? ಆ ಬಾಯಿ ನಂಗಿಲ್ಲ."

"ನಂಗಿದೆ."

"ನೀನು ಕಾಗದ ಬರೆದ್ರೆ ನನ್ನಾಣೆ."

ಆಣೆ ಇಟ್ಟಳಲ್ಲ, ನಾನು ಕಾಗದ ಬರೆಯಲಿಲ್ಲ. ಜೂನ್ ಒಂದರ ಬೆಳಿಗ್ಗೆ ನೋಡಿದರೆ ಅವಳು ಆಗಲೇ ಹಾಸಿಗೆಯನ್ನು ಕೊಟ್ಟಿಗೆಗೆ ಸಾಗಿಸಿ, ಕಡಲಕೋಣೆಗೆ ಇಸ್ತ್ರಿ ಮಾಡಿದ ಬಿಳಿ ಹೊದಿಕೆ ಹಾಸಿ, ಹೂದಾನಿಗೆ ನೇರಳೆ ಬಣ್ಣದ ಹೂ ಇಡುತ್ತಿದ್ದಳು. ನನ್ನ ತಲೆ ಕೆಟ್ಟುಹೋಯಿತು. ಕಾಗದ ಬರೆಯಬೇಡ ಅಂದಿದ್ದಳೇ ಹೊರತು ಬಾಯಿ ತೆರೆಯಬೇಡ ಅಂದಿರಲಿಲ್ಲ. ಮೀನು ಹೊಗೆಯಲ್ಲಿದ್ದ ಹಾಗೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ದಾರಿಯುದ್ದಕ್ಕೂ ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಮಾತು ಜೋಡಿಸಿಕೊಂಡಿದ್ದೆ. ಬಸ್ಸಿನಿಂದ ಮೇಷ್ಟ್ರು ಒಬ್ಬರೇ ಇಳಿದರು. ಅದೇ ಹುಲ್ಲಿನ ಟೋಪಿ, ಒಂದೇ ಚೀಲ.

"ಹೆಲ್ವಿಯಮ್ಮ ಎಲ್ಲಿ ಮೇಷ್ಟ್ರೇ?"

"ಫೆಬ್ರವರೀಲಿ ಹೋಗ್ಬಿಟ್ಲು ಆಸ್ಟಮ್ಮ. ಯಾರಿಗೂ ಬರೆಯೋಕಾಗ್ಲಿಲ್ಲ."

ನಾನು ಆಗ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮನುಷ್ಯರಾದವರು ಮುಚ್ಚಿಕೊಳ್ಳುತ್ತಿದ್ದರು. ಆದರೆ ಮಾಯ್ಮಕ್ಕನಿಗೆ ಇನ್ನೊಂದು ಬೇಸಿಗೆ ಇಲ್ಲ. ಎದೆ ಗಟ್ಟಿ ಮಾಡಿಕೊಂಡು ಕಣ್ಣಿನ ಸುದ್ದಿ, ಮಚ್ಚೆಯ ಸುದ್ದಿ, ಕಿಟಕಿಯ ಆಸೆ, ಎಲ್ಲ ಹೇಳಿದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು.

"ಆ ಕಿಟಕಿ ಹತ್ರ ಹೆಲ್ವಿ ಕೂರ್ತಿದ್ಲು. ಅಲ್ಲಿ ಒಂದು ಸಲ ಕೂತು ಹೋಗೋಣ ಅಂತ್ಲೇ ಬಂದೆ ನಾನು."

ನಾನು ಮೀನು ವಾಸನೆಯ ಏಪ್ರನ್ನಿನಲ್ಲೇ ಮೂಗು ಒರೆಸಿಕೊಂಡೆ. ಇಬ್ಬರದೂ ನ್ಯಾಯವೇ, ಕೋಣೆ ಒಂದೇ. ಅವರೇ ಕೇಳಿದರು: "ಬೇಸಿಗೇಲಿ ಮಾಯ್ಮು ಎಲ್ಲಿರ್ತಾರೆ? ಹಿಂದ್ಗಡೆ ಇನ್ನೊಂದು ಮನೆ ಇದೆ ಅಲ್ವಾ?"

"ಭೂಗೋಳದ ಮೇಷ್ಟ್ರು ನೀವು. ಪ್ರಪಂಚದ ನದಿಗಳೆಲ್ಲ ಬಾಯಿಪಾಠ. ಹಿತ್ತಲಿಗೆ ಇಪ್ಪತ್ತು ಹೆಜ್ಜೆ, ಅದು ಗೊತ್ತಿಲ್ಲ."

ಅವರು ಎದ್ದರು. "ನಡೀರಿ, ತೋರಿಸಿ."

ಮಾಯ್ಮಕ್ಕ ಕೊಟ್ಟಿಗೆಯ ಹೊಸಿಲಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಮೇಷ್ಟ್ರನ್ನು ಕಂಡು ಗಾಬರಿಯಿಂದ ಎದ್ದು ಕೈ ಒರೆಸಿಕೊಂಡಳು. "ಇಲ್ಲಿಗ್ಯಾಕೆ ಬಂದ್ರಿ? ಕೋಣೆ ಸಿದ್ಧವಾಗಿದೆ. ಹೆಲ್ವಿಯಮ್ಮ ಎಲ್ಲಿ?" ಅವರು ಹೇಳಿದರು. ಮಾಯ್ಮಕ್ಕ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ, ಅವಳಿಗೆ ತಿಳಿದುಹೋಯಿತು.

"ಇವಳ ಮಾತು ಕಿವಿಗೆ ಹಾಕ್ಕೋಬೇಡಿ ಮೇಷ್ಟ್ರೇ. ಅದು ಹೆಲ್ವಿಯಮ್ಮನ ಕೋಣೆ. ಹೋಗಿ ಕೂತ್ಕೊಳ್ಳಿ."

ಮೇಷ್ಟ್ರು ಟೋಪಿ ತೆಗೆದರು. ಒಳಗೆ ಬಗ್ಗಿ ನೋಡಿದರು: ತೊಲೆಗೆ ತೂಗಿದ ಹಳೆಯ ಬಲೆ, ಹಲಗೆ ಮಂಚ, ಆ ಗೇಣುದ್ದದ ಗಾಜು. ಗಾಜಿನ ಹತ್ತಿರ ಹೋಗಿ ಕೂತರು, ಎಷ್ಟು ಬಗ್ಗಿದರೂ ಗೋಡೆಯೇ. "ಇಲ್ಲಿಂದ ಕಡಲು ಕಾಣಲ್ಲ" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಚೀಲವನ್ನು ಮಂಚದ ಮೇಲಿಟ್ಟು ಅವಳ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡರು.

"ಈ ಬೇಸಿಗೆ ನಂಗೆ ಇದು. ನೀವು ಒಳಗೆ ನಡೀರಿ."

"ಸೊಳ್ಳೆ ಕಚ್ಚುತ್ತೆ ಮೇಷ್ಟ್ರೇ."

"ಮೂವತ್ತೊಂದು ವರ್ಷ ನಿಮ್ಮನ್ನ ಬಿಟ್ಟಿತ್ತಾ?"

ಮರುದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಮಾಯ್ಮಕ್ಕ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟು, ಬಟ್ಟೆ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಕಿಟಕಿಯ ಪರದೆ ಸರಿಸಿಯೇ ಇಲ್ಲ.

"ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ. ಹಾಗೇ ಕೂತೆ."

ಸ್ವಂತ ಮನೆಯಲ್ಲಿ ಅತಿಥಿಯ ಹಾಗೆ ಕೂತವಳನ್ನು ಬೈಯುವುದು ಹೇಗೆ? ಆದರೂ ಬೈದೆ. ಮೇಷ್ಟ್ರು ಹಿತ್ತಲಿಂದ ತಟ್ಟೆಯಲ್ಲಿ ಕಾಫಿ ಇಟ್ಟುಕೊಂಡು ಬಂದರು, ಅರ್ಧ ತಟ್ಟೆಗೇ ಚೆಲ್ಲಿತ್ತು. ಕೊಚ್ಚೆ ನೀರಿನ ಹಾಗಿದ್ದ ಆ ಕಾಫಿಯನ್ನು ಅವಳು ಒಂದು ಹನಿ ಬಿಡದೆ ಕುಡಿದಳು. ಪರದೆ ಸರಿಸಲು ಅವಳಿಗೆ ಒಂದು ವಾರ ಬೇಕಾಯಿತು, ಚೀಲದ ಬಟ್ಟೆ ಬೀರುವಿಗೆ ಸೇರಲು ಇನ್ನೂ ಒಂದು ವಾರ.

ಜುಲೈ ಬಂತು. ಗಾಳಿಯಿಲ್ಲದ ಒಂದು ಮಧ್ಯಾಹ್ನ ಬಿಸಿ ಮೀನು ತೆಗೆದುಕೊಂಡು ಹೋದೆ. ಕಿಟಕಿಯಾಚೆ ಕಡಲು ನೀಲಿಯಾಗಿ ಅಲುಗದೆ ಬಿದ್ದುಕೊಂಡಿತ್ತು. ನಮ್ಮ ಕಡಲಿನಲ್ಲಿ ಎಷ್ಟು ದೂರ ನಡೆದರೂ ನೀರು ಮೊಣಕಾಲಿಗೇ. ಮಕ್ಕಳು ದೊಡ್ಡ ಬಂಡೆಗಳನ್ನೂ ದಾಟಿ ಹೋಗಿ ಕೂಗಾಡುತ್ತಿದ್ದವು. ಮಾಯ್ಮಕ್ಕ ಕಿಟಕಿಯ ಮುಂದೆ ಕೂತಿದ್ದಳು, ಮುಖ ಮಾತ್ರ ಗೋಡೆಯ ಕಡೆಗಿತ್ತು.

"ಕಡಲು ಆ ಕಡೆ ಇದೆ, ಮಾರಾಯ್ತಿ."

"ನೇರ ನೋಡಿದ್ರೆ ಮಚ್ಚೆ ಆಸ್ಟಾ. ಓರೆಯಾಗಿ ನೋಡಿದ್ರೆ ಸಿಗುತ್ತೆ. ಎಷ್ಟು ಬೆಳಕು ನೋಡು. ನಮ್ಮನೇಗೆ ಇಷ್ಟು ಬೆಳಕು ಬರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ." ಹೀಗೆಂದವಳು ತಲೆ ಇನ್ನಷ್ಟು ವಾಲಿಸಿದಳು. "ನೀರಲ್ಲಿ ಯಾರೋ ಕೈ ಎತ್ತಿದ ಹಾಗಿದೆ. ಮುಳುಗ್ತಿದ್ದಾರಾ?"

"ಮೊಣಕಾಲುದ್ದ ನೀರಲ್ಲಿ ಯಾರು ಮುಳುಗ್ತಾರೆ? ಮೇಷ್ಟ್ರು ಅದು. ಕೈ ಬೀಸ್ತಿದ್ದಾರೆ."

"ಯಾರಿಗೆ?"

ನಾನು ಮೀನನ್ನು ಮೇಜಿನ ಮೇಲಿಟ್ಟೆ. ಪ್ರತಿ ಬೇಸಿಗೆಯೂ ಅಷ್ಟು ದೂರ ಹೋದ ಮೇಲೆ ಅವರು ಹಿಂದಿರುಗಿ ಈ ಕಿಟಕಿಗೆ ಕೈ ಬೀಸುತ್ತಿದ್ದರು. ಮೀನು ಮಾರುತ್ತಾ ದಡದಲ್ಲಿ ನಿಂತು ನಾನು ನೋಡಿದ್ದೇನೆ.

"ಹೆಲ್ವಿಯಮ್ಮನಿಗೆ" ಎಂದಳು ಅವಳೇ, ಮೆಲ್ಲಗೆ.

"ಹೂಂ."

ಅವರಿಗೂ ನೆನಪಾಗಿರಬೇಕು. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಮುದುಕರು ಕೈಯನ್ನು ಇಳಿಸಲೂ ಆಗದೆ ಎತ್ತಲೂ ಆಗದೆ ನೀರಿನಲ್ಲಿ ನಿಂತುಬಿಟ್ಟರು. ನನಗೆ ನೋಡಲಾಗಲಿಲ್ಲ. "ಕೈ ಅಲ್ಲೇ ನಿಂತುಹೋಯ್ತು" ಎಂದೆ.

ಮಾಯ್ಮಕ್ಕ ಎದ್ದು ಕಿಟಕಿಯ ಎರಡೂ ಬಾಗಿಲು ತಳ್ಳಿ, ಸೊಂಟದವರೆಗೆ ಹೊರಗೆ ಬಗ್ಗಿ, ಕೈ ಮೇಲೆತ್ತಿ ಬೀಸತೊಡಗಿದಳು. ಓರೆಗಣ್ಣಲ್ಲವೇ, ಮೇಷ್ಟ್ರನ್ನು ಬಿಟ್ಟು ಬಂಡೆಗಳ ಕಡೆಗೆ ಬೀಸುತ್ತಿದ್ದಳು. ಅವಳ ಮೊಣಕೈ ಹಿಡಿದು ಸರಿಯಾದ ಕಡೆಗೆ ತಿರುಗಿಸಿದೆ. ಅವರು ಸ್ವಲ್ಪ ಹೊತ್ತು ಹಾಗೇ ನೋಡಿದರು. ಆಮೇಲೆ ಎರಡೂ ಕೈ ಎತ್ತಿದರು.

"ನೋಡಿದ್ರಾ?"

"ನೋಡಿದ್ರು. ಬೀಸ್ತಿದ್ದಾರೆ. ನಿಂಗೇ."

"ಅವರು ಕೈ ಇಳಿಸಿದಾಗ ಹೇಳು ಆಸ್ಟಾ" ಎಂದಳು ಮಾಯ್ಮಕ್ಕ. "ಅಲ್ಲೀವರೆಗೂ ನಾನು ಇಳಿಸಲ್ಲ."