ಎರಡು ಬೀಗ, ಒಂದೇ ದಾರ

ಮೊದಲು ಯಾರನ್ನು ಹಿಡಿಯಲಿ, ಕಳ್ಳನನ್ನೋ ನಿಮ್ಮನ್ನೋ? ಮೊದಲ ಸಾಲಿನಲ್ಲಿ ಸಿಗದ ಓದುಗರು ಆಮೇಲೆ ಸಿಗುವುದಿಲ್ಲವಂತೆ. ಹಾಗಾಗಿ ಹೀಗೆ:

೧. ಬಂಗಾರಪೇಟೆಯ ಒಂದು ಪ್ರೈವೇಟ್ ಆಸ್ಪತ್ರೆಯ ಗೇಟಿನಲ್ಲಿ ನರ್ಸ್ ಸುಮಲತಳ ಊಟದ ಡಬ್ಬಿ ತೆಗೆಸಿದರು. ಒಳಗೆ ಮಾರ್ಫಿನ್ ಇಂಜೆಕ್ಷನ್ ಇತ್ತು.

"ಸಾರ್, ನಾನು ಡಬ್ಬೀಲಿ ಮುದ್ದೆ ಇಟ್ಟಿದ್ದೆ. ಇಂಜೆಕ್ಷನ್ ಇಟ್ಟೋರು ನೀವು," ಎಂದಳು ಸುಮಲತ, ಬರೆಯುತ್ತಿದ್ದ ನನ್ನ ಕಡೆ ತಿರುಗಿ.

(ನಿಜ. ನರ್ಸೇ ಕದ್ದರೆ ಕಥೆ ಬೇಗ ಮುಗಿಯುತ್ತದೆ. ನಾನು ಸೋಮಾರಿ.) ಆ ಹಾಳೆ ಹರಿದು ಹಾಕಿದೆ.

೨. ನಡೆದದ್ದು ಬೇರೆ. ಈ ಆಸ್ಪತ್ರೆಯಲ್ಲಿ ಮಲಗಿರುವ ಮುನಿಸ್ವಾಮಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಳೆಯ ಕೆಲಸಗಾರರು. ಮೂಳೆಗೆ ಕ್ಯಾನ್ಸರ್. ನಾಲ್ಕು ಗಂಟೆಗೊಮ್ಮೆ ನೋವಿಗೆ ಮಾರ್ಫಿನ್ ಕೊಡಬೇಕು.

"ಸಿಸ್ಟರಮ್ಮ, ನೀನ್ ಆಕಿದ್ರೆ ನೋವು ಇಳೀತದೆ. ಆ ಯಪ್ಪ ಆಕಿದ್ರೆ ಚುಚ್ಚಿದ್ದಷ್ಟೇ ಲಾಭ. ನೀರು ಕಣಮ್ಮ ಅದು."

ಆ ಯಪ್ಪ ಎಂದರೆ ವಾರ್ಡ್ ಇನ್‌ಚಾರ್ಜ್ ಆದಿನಾರಾಯಣ. ಮಾರ್ಫಿನ್ ಕಪಾಟಿಗೆ ಎರಡು ಬೀಗ. ಒಬ್ಬರೇ ತೆಗೆಯಬಾರದೆಂದು ಎರಡು ಕೀ ಇಬ್ಬರ ಹತ್ತಿರ ಇರಬೇಕು. ಇಲ್ಲಿ ಮಾತ್ರ ಅರ್ಜೆಂಟಿನ ನೆಪದಲ್ಲಿ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಅವನ ಕೊರಳಿಗೆ ಹಾಕಿದ್ದರು. ನರ್ಸುಗಳಿಗೆ ಸೀಲ್ ಒಡೆಯದ ಇಂಜೆಕ್ಷನ್ ತೆಗೆದುಕೊಡುತ್ತಿದ್ದ; ತಾನು ಹಾಕುವಾಗ ಮಾತ್ರ ಒಳಗೇ ಒಡೆದು ತರುತ್ತಿದ್ದ.

ಸುಮಲತ ಬರೆದು ದೂರು ಕೊಟ್ಟಳು. ಮ್ಯಾನೇಜ್‌ಮೆಂಟ್ ತಕ್ಷಣ ಕ್ರಮ ಕೈಗೊಂಡಿತು: ನರ್ಸುಗಳ ಬ್ಯಾಗ್ ತಪಾಸಣೆ! ಇನ್‌ಚಾರ್ಜ್ ಬ್ಯಾಗ್ ಯಾರೂ ಮುಟ್ಟಲಿಲ್ಲ.

"ಗಣಿ ಗೇಟ್‌ನಾಗೂ ಇಂಗೇ," ಮುನಿಸ್ವಾಮಪ್ಪ ನಕ್ಕರು. "ನನ್ ಡಬ್ಬಿ ಕೆದಕೋರು. ದೊಡ್ಡೋರ ಡಬ್ಬಿಗೆ ಸಲಾಮು."

ನಗುವಾಗಲೂ ಸೊಂಟ ಹಿಡಿದುಕೊಂಡಿದ್ದರು. ನನಗೆ ಸಿಟ್ಟು ಬಂತು. ಇನ್ನು ಮುಂದೆ ನಾನು ತಟಸ್ಥ ಲೇಖಕನಲ್ಲ.

೪. (ಮೂರನ್ನು ಬಿಟ್ಟಿದ್ದೇನೆ. ಅದರಲ್ಲಿ ಆದಿನಾರಾಯಣನ ಕಷ್ಟದ ಬಾಲ್ಯವಿತ್ತು. ಬೇಡ.)

ಮುಕ್ತಾಯ ಒಂದು: ಆದಿನಾರಾಯಣ ಸಿಸಿಟಿವಿಯಲ್ಲಿ ಸಿಕ್ಕಿಬೀಳುತ್ತಾನೆ. ಪೊಲೀಸ್ ಜೀಪು ಬರುತ್ತದೆ.

"ಆಮ್ಯಾಲೆ? ಇನ್ನೊಬ್ಬ ಬತ್ತಾನೆ. ದಾರ ಅದೇ ಅಲ್ವಾ ಸಾರ್?" ಎಂದಳು ಸುಮಲತ.

ಮುಕ್ತಾಯ ಎರಡು: ಸುಮಲತ ರಾಜೀನಾಮೆ ಬಿಸಾಕಿ, ತಲೆಯೆತ್ತಿ ಹೊರಟುಬಿಡುತ್ತಾಳೆ.

"ನಾನ್ ಒಂಟೋದ್ರೆ ತಾತನಿಗೆ ಸೂಜಿ ಯಾರ್ ಆಕ್ತಾರೆ? ನೀವಾ?"

ಎರಡೂ ಮುಕ್ತಾಯಕ್ಕೆ ಗೀಟು ಎಳೆದೆ.

ಮಧ್ಯಾಹ್ನ ಎರಡಕ್ಕೆ ಐದು ನಿಮಿಷ. ಎರಡಕ್ಕೆ ಮುನಿಸ್ವಾಮಪ್ಪನ ಇಂಜೆಕ್ಷನ್. ಇಡೀ ವಾರ್ಡಿನ ಮುಂದೆ ಸುಮಲತ ಕಪಾಟಿಗೆ ಅಡ್ಡ ನಿಂತು ಆದಿನಾರಾಯಣನ ಮುಂದೆ ಕೈ ಚಾಚಿದಳು.

"ಒಂದು ಕೀ ನನ್ಗೆ ಕೊಡಿ ಸಾರ್. ಇಬ್ರೂ ಸೇರಿ ತೆಗೆಯೋಣ. ತಾತನ ಕಣ್ಮುಂದೆ ಸೀಲ್ ಒಡೀಬೇಕು."

"ಕೆಲ್ಸ ಬೇಕಾ ಬ್ಯಾಡ್ವಾ ನಿಂಗೆ?" ಎಂದ ಆದಿನಾರಾಯಣ.

"ಬೇಕು. ಅದ್ಕೇ ಕೇಳ್ತಿರೋದು."

ಖುಷಿ ತಡೆಯಲಾಗದೆ ಬರೆದುಬಿಟ್ಟೆ: ಆದಿನಾರಾಯಣ ದಾರ ಬಿಚ್ಚಿ ಕೀ ಕೊಟ್ಟ.

ಸುಮಲತ ತಿರುಗಿ ನನ್ನನ್ನೇ ನೋಡಿದಳು. "ಒಡ್ದಾಕಿ ಸಾರ್ ಅದ್ನ. ನೀವ್ ಕೊಟ್ರೆ ತಾತನ ನೋವು ಇಳಿಯಲ್ಲ. ಅವ್ರೇ ಕೊಡ್ಬೇಕು."

ಆ ಸಾಲು ಹೊಡೆದು ಹಾಕಿದೆ.

ಎರಡು ಗಂಟೆಯಾಯಿತು. ಅವಳ ಕೈ ಇನ್ನೂ ಚಾಚಿಯೇ ಇದೆ. ಮುನಿಸ್ವಾಮಪ್ಪ ಹಲ್ಲು ಕಚ್ಚಿಕೊಂಡು ಹೇಳಿದರು: "ಕೈ ಇಳುಸ್ಬ್ಯಾಡ ಕಣಮ್ಮ. ನಾನ್ ತಡ್ಕಂತೀನಿ."

ಪೆನ್ನು ಕೆಳಗಿಟ್ಟಿದ್ದೇನೆ. ಆದಿನಾರಾಯಣ ದಾರ ಬಿಚ್ಚುವವರೆಗೆ ಇದನ್ನು ಮುಗಿಸುವುದಿಲ್ಲ.