ಹುರುಳಿ ಬಳ್ಳಿ ಸಿಕ್ಕಿಕೊಂಡ ಸೈಕಲ್ಲು

ಎಲ್ಲಿಂದ ಶುರು ಮಾಡಲಿ? ಸೀಟಿ ಊದುವಲ್ಲಿಂದ ಎಂದರೆ ಐವತ್ತು ಕಿಲೋಮೀಟರ್ ನೀವೂ ತುಳಿಯಬೇಕಾಗುತ್ತದೆ. ಬೇಡ, ನಿಮ್ಮ ಮಂಡಿಯ ಸ್ಥಿತಿ ನನಗೆ ಗೊತ್ತು. ಕೊಡ್ಲಿಪೇಟೆಯಿಂದ ಹೊರಟ ಹುಡುಗಿಯರ ಸೈಕಲ್ ರೇಸು ಕುಶಾಲನಗರ ಮುಟ್ಟಲು ಇನ್ನು ನಾಲ್ಕೇ ಕಿಲೋಮೀಟರ್ ಇರುವಾಗ ಹಿಡಿದುಕೊಳ್ಳೋಣ.

೧. ಮುಂದೆ ಇಬ್ಬರೇ. ಕೊಡ್ಲಿಪೇಟೆಯ ಚಂದನಾ, ಕುಶಾಲನಗರ ಪಕ್ಕದ ಹಳ್ಳಿಯ ಕಾವ್ಯಶ್ರೀ. ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯ ಮಟ್ಟದ ರೇಸು. ಚಂದನಾಗೆ ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತದೆ. ಇದೇ ಕೊನೆಯ ಸಲ.

ಅಷ್ಟರಲ್ಲಿ ರಸ್ತೆ ತುಂಬ ಹುರುಳಿ. ಕಾವ್ಯಶ್ರೀಯ ಅಜ್ಜಿ ರಂಗಮ್ಮ ಕಿತ್ತ ಗಿಡಗಳನ್ನು ಒಕ್ಕಣೆಗೆಂದು ಟಾರು ರೋಡಿಗೆ ಹರಡಿದ್ದರು. ದಿನಾ ಬಸ್ಸು, ಲಾರಿ ಅದರ ಮೇಲೆ ಹರಿದು ಕಾಳು ಬಿಡಿಸುತ್ತವೆ. ಇವತ್ತು ಮೂವತ್ತು ಸೈಕಲ್ಲೂ ಬರುತ್ತವೆಂದು ಮೊಮ್ಮಗಳೇ ಹೇಳಿದ್ದರಿಂದ ಎರಡು ಹೊರೆ ಜಾಸ್ತಿ ಹಾಕಿದ್ದರು. ಚಂದನಾ ಅಂಚಿನಲ್ಲಿ ನುಸುಳಿದಳು. ಕಾವ್ಯಶ್ರೀಯ ಚೈನಿಗೆ ಬಳ್ಳಿ ಸುತ್ತಿಕೊಂಡು ಸೈಕಲ್ಲು ನಿಂತೇ ಹೋಯಿತು.

೨. (ಹರಿದು ಹಾಕಿದ ಡ್ರಾಫ್ಟ್.) ಚಂದನಾ ನುಗ್ಗಿ ಗೆದ್ದಳು. ಹಾರ ಹಾಕಿದರು. ಅವಳು ಬೇಡವೆಂದು ಹಾರ ತೆಗೆದು ತಂದು, ನಾನು ಬರೆಯುತ್ತಿದ್ದ ಮೇಜಿನ ಮೇಲಿಟ್ಟಳು.

೩. ಮತ್ತೆ ಬರೆದೆ. ಈ ಸಲ ಅವಳು ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತುಬಿಟ್ಟಳು. ಅವರ ಮನೆ ಹುರುಳಿ, ಅವರ ಮನೆ ತಾಪತ್ರಯ, ನಿನಗೇನಮ್ಮ, ಹೋಗು ಎಂದೆ. ಹೋದ ವರ್ಷ ನೀನು ಪಂಕ್ಚರ್ ಆಗಿ ನಿಂತಾಗ ಅವಳು ಕಾದಳೇ ಎಂದೂ ಚುಚ್ಚಿದೆ.

“ಆ ಪಂಕ್ಚರ್ ನೀವು ಈಗ್ತಾನೆ ಬರ್ದಿದ್ದು ಸಾರ್,” ಎಂದಳು. “ಇವಳ ಜೊತೆ ಅಷ್ಟು ದೂರ ಗುದ್ದಾಡ್ಕಂಡು ಬಂದಿದೀನಿ. ಹುರುಳಿ ಬಳ್ಳಿ ಗೆಲ್ಸಿದ್ರೆ ಅದು ನನ್ನ ಗೆಲುವಾಗ್ತದಾ?”

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಪಂಕ್ಚರಿನ ಮೇಲೆ ಗೀಟು ಎಳೆದೆ.

೪. ರಂಗಮ್ಮ ಕುಡುಗೋಲು ಹಿಡಿದು ಓಡಿಬಂದು, ಮೊಮ್ಮಗಳನ್ನೂ ಸೈಕಲ್ಲನ್ನೂ ಒಟ್ಟಿಗೆ ಬೈಯುತ್ತ ಬಳ್ಳಿ ಕೊಯ್ದರು. ಆಮೇಲೆ ಚಂದನಾಳ ಕಡೆ ತಿರುಗಿ, ನೀನ್ಯಾಕವ್ವ ನಿಂತಿದ್ದೀಯ ಎಂದು ಕೇಳಿದರು.

“ನಂಗೆ ಕಾಯ್ತವ್ಳೆ ಕಣಜ್ಜಿ,” ಎಂದಳು ಕಾವ್ಯಶ್ರೀ, ಕೈಯ ಮಸಿ ಒರೆಸಿಕೊಳ್ಳುತ್ತ.

ಹಿಂದಿನ ತಿರುವಿನಲ್ಲಿ ಉಳಿದವರ ಹೆಲ್ಮೆಟ್ಟುಗಳು ಕಾಣಿಸಿದವು. ಇಬ್ಬರೂ ಹತ್ತಿ ತುಳಿದರು.

೫. ಚಂದನಾ ಗೆಲ್ಲಲಿ, ನಿಮಗೆ ಖುಷಿ. ಕಾವ್ಯಶ್ರೀ ಗೆಲ್ಲಲಿ, ವಿಮರ್ಶಕರಿಗೆ ಖುಷಿ. ಇಬ್ಬರೂ ಕೈ ಹಿಡಿದುಕೊಂಡು ಗೆರೆ ದಾಟಲಿ ಎಂದು ಬರೆಯಹೋದರೆ ಇಬ್ಬರೂ ಒಟ್ಟಿಗೇ ಛೀ ಎಂದರು. ಅವರು ಬಂದಿರುವುದು ಗೆಲ್ಲುವುದಕ್ಕಂತೆ.

ಗೆರೆಗೆ ಇನ್ನು ನೂರು ಮೀಟರ್. ಗೆದ್ದವಳ ಹೆಸರು ಬರೆಯಲು ಪೆನ್ನು ಎತ್ತಿದೆ.

ಚಂದನಾ ತಿರುಗಿಯೂ ನೋಡಲಿಲ್ಲ. “ಅವಳಿಗೆ ನಾನು ಕಾಯ್ಲಿಲ್ವಾ? ನೀವೂ ಸ್ವಲ್ಪ ಕಾಯಿರಿ ಸಾರ್.”

ಕಾಯುತ್ತಿದ್ದೇನೆ. ನೀವು ಹೊರಡುವುದಾದರೆ ರಸ್ತೆಯ ಅಂಚು ಹಿಡಿದು ಹೋಗಿ. ರಂಗಮ್ಮ ಮತ್ತೆ ಹುರುಳಿ ಹರಡುತ್ತಿದ್ದಾರೆ.